ಜಿಮ್ನಿಗೆ ಹೊಸ ಟೈರ್: ದೊಡ್ಡದು ಹಾಕಿಸಬೇಕಾ, ಇದ್ದ ಸೈಜೇ ಸಾಕಾ?

ಪ್ರಶ್ನೆ: ನನ್ನದು ಐದು ಬಾಗಿಲಿನ ಮಾರುತಿ ಜಿಮ್ನಿ. ಕಂಪನಿ ಟೈರುಗಳು ನೈಸ್ ಆಗ್ತಾ ಬಂದಿವೆ. ವಾರವೆಲ್ಲ ಹಾಸನದಲ್ಲೇ ಓಡಾಟ, ವಾರಕ್ಕೊಮ್ಮೆ ಸಕಲೇಶಪುರದ ಆಚೆ ತೋಟಕ್ಕೆ ಹೋಗಬೇಕು. ಕೊನೆಯ ಒಂದೆರಡು ಕಿಲೋಮೀಟರ್ ಮಣ್ಣು ರಸ್ತೆ. ‘ಎ/ಟಿ ಟೈರ್ ಹಾಕ್ಸು, ಅದೂ ಒಂದು ಸೈಜ್ ದೊಡ್ಡದೇ ಹಾಕ್ಸು’ ಅಂತ ಎಲ್ಲರೂ ಹೇಳ್ತಾರೆ. ಏನು ಮಾಡಲಿ ಸರ್?

ಉತ್ತರ: ಎ/ಟಿ, ಅಂದರೆ ಡಾಂಬರಿಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಟೈರ್ ಹಾಕಿಸಿ. ಸೈಜ್ ದೊಡ್ಡದು ಮಾಡೋಕೆ ಹೋಗಬೇಡಿ.

ಊರು, ತೋಟದ ಹೆಸರು ಬೇರೆ ಇರಬಹುದು, ಆದರೆ ಈ ಪ್ರಶ್ನೆ ಮಳೆಗಾಲಕ್ಕೆ ಮುಂಚೆ ಬರ್ತಾನೇ ಇರುತ್ತದೆ. ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಸೈಜಿನ ಲೆಕ್ಕ. ಗಾಡಿ ಪಕ್ಕ ಕೂತು ಟೈರಿನ ಪಕ್ಕೆ ನೋಡಿ. 195/80 ಆರ್15 ಅಂತ ಇರುತ್ತದೆ. 195 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಅಂದರೆ ಪಕ್ಕೆಯ ಎತ್ತರ ಆ ಅಗಲದ ಶೇ. 80ರಷ್ಟು, ಅಂದರೆ 156 ಮಿ.ಮೀ. ಕೊನೆಯ 15 ರಿಮ್ಮಿನ ಅಳತೆ, ಇಂಚಿನಲ್ಲಿ. ರಿಮ್ಮಿನ 381 ಮಿ.ಮೀ.ಗೆ ಮೇಲೊಂದು, ಕೆಳಗೊಂದು 156 ಸೇರಿಸಿದರೆ ಚಕ್ರದ ಒಟ್ಟು ಎತ್ತರ 693 ಮಿ.ಮೀ. ಬರುತ್ತದೆ.

ಜನ ಆಸೆ ಪಡೋ ದೊಡ್ಡ ಸೈಜ್ 235/75 ಆರ್15. ಇದೇ ಲೆಕ್ಕ ಹಾಕಿದರೆ ಅದರ ಎತ್ತರ 733 ದಾಟುತ್ತದೆ. 40 ಮಿ.ಮೀ. ಜಾಸ್ತಿ. ಆದರೆ ಗಾಡಿಯ ಹೊಟ್ಟೆ ಮೇಲೇಳುವುದು ಅದರ ಅರ್ಧ, ಅಂದರೆ 20 ಮಿ.ಮೀ. ಮಾತ್ರ. ಚಕ್ರದ ನಡುವಿನಿಂದ ನೆಲದವರೆಗಿನ ಎತ್ತರ ತಾನೇ ಲೆಕ್ಕಕ್ಕೆ ಬರೋದು? ಜಿಮ್ನಿಗೆ 210 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಹೇಗೂ ಇದೆ. ನಿಮ್ಮ ತೋಟದ ದಾರಿಗೆ ಅದು ಸಾಲದೇ ಹೋದರೆ ಟೈರಿಗಿಂತ ಮೊದಲು ದಾರಿಗೆ ಎರಡು ಲೋಡ್ ಕಲ್ಲು ಹಾಕಿಸೋದು ಒಳ್ಳೆಯದು.

ಆ 20 ಮಿ.ಮೀ.ಗೆ ಕೊಡಬೇಕಾದ ಬೆಲೆ ನೋಡಿ. ಚಕ್ರ ಸುಮಾರು ಶೇ. 6ರಷ್ಟು ದೊಡ್ಡದಾದರೆ ಎಲ್ಲ ಗೇರುಗಳೂ ಅಷ್ಟೇ ಭಾರ ಆದ ಹಾಗೆ. 1.5 ಲೀಟರಿನ ಈ ಪೆಟ್ರೋಲ್ ಎಂಜಿನ್‌ಗೆ ಇರೋದು 134 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸೋ ಬಲ. ಘಾಟಿ ಹತ್ತುವಾಗ ಮೊದಲೇ ಎರಡನೇ ಗೇರಿಗೂ ಮೂರನೇ ಗೇರಿಗೂ ನಡುವೆ ಒದ್ದಾಡುತ್ತದೆ. ನಾಲ್ಕು ಗೇರಿನ ಆಟೊಮ್ಯಾಟಿಕ್ ಆದರಂತೂ ಕೇಳಲೇಬೇಡಿ. ಬ್ರೇಕಿಗೂ ಕೆಲಸ ಜಾಸ್ತಿ. ಸ್ಪೀಡೋಮೀಟರ್ ಇರೋದಕ್ಕಿಂತ ಕಡಿಮೆ ವೇಗ ತೋರಿಸೋಕೆ ಶುರು ಮಾಡುತ್ತದೆ. ಸ್ಟೆಪ್ನಿ ನೇತಾಡೋದು ಹಿಂದಿನ ಬಾಗಿಲ ಮೇಲೆ, ಅದರ ಭಾರ ಪೂರ್ತಿ ಕೀಲುಗಳಿಗೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜಬಹುದು. ಸಾಲದ್ದಕ್ಕೆ, ಜಿಮ್ನಿಯ ರಿಮ್ಮಿನ ಅಗಲ ಐದೂವರೆ ಇಂಚು. 235ರ ಟೈರಿಗೆ ಕಡಿಮೆ ಅಂದರೂ ಆರು ಇಂಚಿನ ರಿಮ್ ಬೇಕು. ಅಂದರೆ ರಿಮ್ಮನ್ನೂ ಬದಲಿಸಿ ಅಂತ ಅಂಗಡಿಯವರು ಮುಂದಿನ ಬಿಲ್ ಬರೆಯುತ್ತಾರೆ.

ಕಾನೂನಿನ ವಿಷಯವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಗಳಿಗಿಂತ ಬೇರೆ ಆಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಬಾಡಿಯಿಂದ ಹೊರಗೆ ಚಾಚಿಕೊಂಡಿರೋ ಚಕ್ರ ಹಾಕಿಕೊಂಡು ಮಡಿಕೇರಿಯಿಂದ ವಯನಾಡಿನ ಕಡೆ ಇಳಿಯೋರು ಇದನ್ನು ನೆನಪಿಟ್ಟುಕೊಳ್ಳಿ. ಅಪಘಾತವಾದರೆ ವಿಮೆ ಕಂಪನಿಯವರೂ ಮೊದಲು ನೋಡೋದು ಇಂಥದ್ದನ್ನೇ.

ಇನ್ನೊಂದು ಮಾತು. ಟೈರಿನ ಅಗಲ ಕಡಿಮೆ ಇರೋದು ಜಿಮ್ನಿಯ ಕೊರತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮಲೆನಾಡಿನ ಕೆಸರಿನಲ್ಲಿ ಅದೇ ಅದರ ಬಲ. ಗಾಡಿಯ ತೂಕ ಸುಮಾರು 1,200 ಕೆ.ಜಿ. ಅಷ್ಟೇ. ಕಿರಿದಾದ ಟೈರ್ ಮೇಲಿನ ಸಡಿಲ ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಅಗಲ ಟೈರ್ ಆದರೆ ಕೆಸರಿನ ಮೇಲೇ ತೇಲಿಕೊಂಡು ಸುಮ್ನೆ ಗಿರ್ರನೆ ತಿರುಗುತ್ತದೆ. ಸಮುದ್ರದಂಡೆಯ ಮರಳಿನಲ್ಲಿ ಇದೇ ತಿರುಗುಮುರುಗು. ಅಲ್ಲಿ ಅಗಲ ಬೇಕು, ತೇಲಬೇಕು. ನಿಮ್ಮ ತೋಟ ಸಕಲೇಶಪುರದಲ್ಲಿದೆ, ಅಲ್ವಾ?

ಈಗ ಟೈರಿನ ಜಾತಿಗೆ ಬರೋಣ. ಎಚ್/ಟಿ (ಹೈವೇ ಟೆರೇನ್) ಡಾಂಬರಿಗೆ ಮಾಡಿದ್ದು. ಸದ್ದಿಲ್ಲ, ಮೈಲೇಜ್ ಚೆನ್ನಾಗಿ ಬರುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಎಂ/ಟಿ (ಮಡ್ ಟೆರೇನ್) ಕೆಸರಿಗೆ ಮಾಡಿದ್ದು. ದಪ್ಪ ದಪ್ಪ ರಬ್ಬರ್ ಗಟ್ಟಿಗಳು, ನಡುವೆ ಅಗಲವಾದ ಸಂದು. ಎ/ಟಿ ಎರಡರ ನಡುವಿನದು.

ದಿನಾ ಪೇಟೆಯಲ್ಲಿ ಓಡೋ ಗಾಡಿಗೆ ಎಂ/ಟಿ ಬೇಡವೇ ಬೇಡ. ನೋಡೋಕೆ ಗತ್ತು ಇರುತ್ತದೆ ನಿಜ. ಆದರೆ ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ಮುಂದಿನ ಲಾರಿ ಗಕ್ಕನೆ ನಿಂತರೆ ಆ ಗತ್ತು ಕೆಲಸಕ್ಕೆ ಬರೋಲ್ಲ. ಟೈರಿನ ಮೈಯಲ್ಲಿ ಸಂದು ಜಾಸ್ತಿ ಆದಷ್ಟೂ ಡಾಂಬರಿಗೆ ತಾಗುವ ರಬ್ಬರ್ ಕಡಿಮೆ. ಎದ್ದು ನಿಂತ ಗಟ್ಟಿಗಳು ಬ್ರೇಕ್ ಹಾಕಿದಾಗ ಬಾಗುತ್ತವೆ. ಹಾಗಾಗಿ ಗಾಡಿ ನಿಲ್ಲೋಕೆ ಜಾಸ್ತಿ ದೂರ ಬೇಕು. ಎ/ಟಿಯಲ್ಲೂ ಈ ದೋಷ ಇದೆ, ಸ್ವಲ್ಪ ಕಡಿಮೆ. ಹಾಕಿಸಿದ ಮೇಲೆ ಮುಂದಿನ ಗಾಡಿಗೂ ನಿಮಗೂ ನಡುವೆ ಮೊದಲಿಗಿಂತ ಜಾಗ ಜಾಸ್ತಿ ಬಿಡಿ.

ಹಾಗಾದರೆ ಕಂಪನಿ ಕೊಟ್ಟಂಥ ಎಚ್/ಟಿಯನ್ನೇ ಮತ್ತೆ ಯಾಕೆ ಹಾಕಿಸಬಾರದು? ತೋಟದ ದಾರಿ ಜಲ್ಲಿಯದ್ದಾಗಿದ್ದರೆ ಧಾರಾಳವಾಗಿ ಹಾಕಿಸಿ. ಫೋರ್ ವೀಲ್ ಡ್ರೈವ್, ನಿಧಾನಕ್ಕೆ ಜಾಸ್ತಿ ಎಳೆಯೋ ಲೋ ರೇಂಜ್ ಗೇರ್ ಇದ್ದ ಮೇಲೆ ಅಷ್ಟು ದಾರಿ ಲೆಕ್ಕಕ್ಕೇ ಇಲ್ಲ. ಆದರೆ ಅಂಟು ಮಣ್ಣಿನ ಏರು ಇದ್ದರೆ ಕತೆ ಬೇರೆ. ಜುಲೈ ತಿಂಗಳಲ್ಲಿ ಅಂಥ ದಾರಿಯಲ್ಲಿ ಎಚ್/ಟಿ ಟೈರನ್ನು ಇಳಿದು ನೋಡಿ. ಹತ್ತಿಪ್ಪತ್ತು ಅಡಿ ಹೋಗುವಷ್ಟರಲ್ಲಿ, ಗದ್ದೆಗೆ ಇಳಿದ ಹವಾಯಿ ಚಪ್ಪಲಿಯ ಹಾಗೆ ಸಂದಿಯೆಲ್ಲ ಮಣ್ಣು ತುಂಬಿ ಬೋಳಾಗಿರುತ್ತದೆ. ಎ/ಟಿಯ ಸಂದು ಅಗಲ ಇರೋದರಿಂದ ಚಕ್ರ ತಿರುಗಿದ ಹಾಗೆ ಮಣ್ಣು ಸಿಡಿದು ಹೋಗುತ್ತದೆ. ಟೈರಿನ ಹೆಗಲಿಗೂ ಗಟ್ಟಿಗಳಿರುವುದರಿಂದ ಕೊರಕಲಿನ ಅಂಚನ್ನು ಹಿಡಿದು ಹತ್ತುತ್ತದೆ.

ಅದೂ ಸೋಲುವ ಮಣ್ಣು ಮಲೆನಾಡಿನಲ್ಲಿ ಇದ್ದೇ ಇದೆ. ಅದಕ್ಕೇ ನಮ್ಮ ತೋಟದ ಜೀಪಿನವರು ಮಳೆಗಾಲದಲ್ಲಿ ಟೈರಿಗೆ ಚೈನ್ ಕಟ್ಟೋದು. ನಿಮ್ಮ ದಾರಿಯಲ್ಲಿ ಜೀಪುಗಳೆಲ್ಲ ಚೈನ್ ಕಟ್ಟಿಕೊಂಡೇ ಓಡಾಡುತ್ತಿದ್ದರೆ ಎ/ಟಿಯಿಂದ ಪವಾಡ ನಿರೀಕ್ಷಿಸಬೇಡಿ. ಗಾಡಿಯನ್ನು ಡಾಂಬರಿನ ಹತ್ತಿರವೇ ನಿಲ್ಲಿಸಿ ನಡೆದು ಹೋಗಿ, ಇಲ್ಲ ಜೀಪು ಕರೆಸಿ.

ಅಂಗಡಿಯಲ್ಲಿ ‘ಎಂ+ಎಸ್ ಗುರುತು ಇದೆ ಸರ್, ಇದು ಆಫ್‌ರೋಡ್ ಟೈರೇ’ ಅಂತ ಹೇಳಿದರೆ ನಂಬಬೇಡಿ. ಮಡ್, ಸ್ನೋ ಎಂಬ ಆ ಗುರುತು ಎಷ್ಟೋ ಎಚ್/ಟಿ ಟೈರುಗಳ ಮೇಲೂ ಇರುತ್ತದೆ. ಅದನ್ನು ಹಾಕೋಕೆ ಕೆಸರಿನಲ್ಲಿ ಓಡಿಸಿ ಪರೀಕ್ಷೆ ಮಾಡಬೇಕು ಅಂತೇನೂ ಇಲ್ಲ. ಹಾಗೆಯೇ ಸೈಜಿನ ಮುಂದೆ ಎಲ್‌ಟಿ ಅಂತ ಇದ್ದರೆ ಅದು ಭಾರ ಹೊರೋ ಗಾಡಿಗಳ ಟೈರು. ಪಕ್ಕೆ ಗಟ್ಟಿ, ತೂಕ ಜಾಸ್ತಿ. ಚೂಪು ಕಲ್ಲಿನ ದಾರಿಯಲ್ಲಿ ಬಾಳಿಕೆ ಬರುತ್ತದೆ, ಆದರೆ ಜಿಮ್ನಿಯಂಥ ಹಗುರ ಗಾಡಿ ಅದರ ಮೇಲೆ ಪುಟಿಯುತ್ತದೆ. ನಿಮಗೆ ಬೇಡ.

ಈಗ ತಾಪತ್ರಯ ಏನಪ್ಪಾ ಅಂದರೆ, 195/80 ಆರ್15 ಅಂಗಡಿಯಲ್ಲಿ ದಿನಾ ಖರ್ಚಾಗುವ ಸೈಜ್ ಅಲ್ಲ. ಯೊಕೊಹಾಮಾದ ಜಿಯೋಲ್ಯಾಂಡರ್ ಎ/ಟಿ ಈ ಸೈಜಿನಲ್ಲಿ ಬರುತ್ತದೆ. ಅಪೋಲೊ, ಸಿಯೆಟ್, ಜೆಕೆ ಇವರ ಎ/ಟಿಗಳೂ ಇವೆ. ಯಾವುದು ಈ ಸೈಜಿನಲ್ಲಿ ಸ್ಟಾಕ್ ಇದೆ ಅಂತ ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಎಲ್ಲೂ ಸಿಗಲಿಲ್ಲ ಅಂದರೆ ಜಿಮ್ನಿಯವರು ಸಾಮಾನ್ಯವಾಗಿ ಹಾಕಿಸೋದು 215/75 ಆರ್15. ಎತ್ತರ 703 ಮಿ.ಮೀ. ಚಿಲ್ಲರೆ, ಶೇ. 1.5ರಷ್ಟು ಮಾತ್ರ ವ್ಯತ್ಯಾಸ. ಇದೇ ರಿಮ್ಮಿಗೆ ಕೂರುತ್ತದೆ. ಇದೂ ಕಂಪನಿ ಸೈಜ್ ಅಲ್ಲ ಅನ್ನೋದು ಗೊತ್ತಿದ್ದು ಹಾಕಿಸಿ. ಅದರಾಚೆಗೆ ನಾನಂತೂ ಹೋಗುವುದಿಲ್ಲ.

ಎಷ್ಟು ಟೈರ್ ಬದಲಿಸಬೇಕು ಅನ್ನೋದು ನೀವು ಕೇಳಿಲ್ಲ, ಆದರೆ ಫೋರ್ ವೀಲ್ ಡ್ರೈವ್ ಗಾಡಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ‘ಈಗ ಎರಡು ಹಾಕಿಸೋಣ, ಉಳಿದೆರಡು ಆಮೇಲೆ ನೋಡೋಣ’ ಅನ್ನೋ ಲೆಕ್ಕ ಮಾಮೂಲಿ ಕಾರಿಗೆ ನಡೆಯುತ್ತದೆ. ಜಿಮ್ನಿಯಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸ ಸರಿದೂಗಿಸೋ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಡ್ರೈವಿನ 4ಎಚ್ ಅಥವಾ 4ಎಲ್‌ಗೆ ಹಾಕಿದ ಕೂಡಲೇ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಮುಂದೆ ಹೊಸ ಟೈರ್, ಹಿಂದೆ ಸವೆದ ಟೈರ್ ಇದ್ದರೆ ಒಂದು ಸುತ್ತಿಗೆ ಅವು ಕ್ರಮಿಸೋ ದೂರ ಬೇರೆ ಬೇರೆ. ಆ ವ್ಯತ್ಯಾಸ ಕೆಸರಿನಲ್ಲಾದರೆ ಜಾರಿ ಸರಿಹೋಗುತ್ತದೆ. ಗಟ್ಟಿ ನೆಲದಲ್ಲಿ ಹೋಗೋಕೆ ಜಾಗ ಇಲ್ಲದೆ ಶಾಫ್ಟು, ಗೇರುಗಳ ಮೇಲೆ ಬಿಗಿಯುತ್ತದೆ. ಆದ್ದರಿಂದ ನಾಲ್ಕನ್ನೂ ಒಟ್ಟಿಗೆ, ಒಂದೇ ಕಂಪನಿ, ಒಂದೇ ಮಾದರಿ ಹಾಕಿಸಿ. ದುಡ್ಡಿದ್ದರೆ ಐದು ತಗೊಂಡು ಸ್ಟೆಪ್ನಿಯನ್ನೂ ಸೇರಿಸಿ ಅದಲು ಬದಲು ಮಾಡುತ್ತಾ ಇರಿ.

ನಾಲ್ಕೇ ತಗೊಂಡರೆ ಹಳೇ ಸ್ಟೆಪ್ನಿ ಆಪತ್ತಿಗೆ ಇರಲಿ. ಅದನ್ನು ಹಾಕಿದಾಗ 2ಎಚ್‌ನಲ್ಲೇ ಓಡಿಸಿ. 2ಎಚ್‌ನಲ್ಲಿ ಹಿಂದಿನ ಚಕ್ರಗಳು ಮಾತ್ರ ಎಳೆಯುತ್ತವೆ, ಹಾಗಾಗಿ ಬೇರೆ ಅಳತೆಯ ಸ್ಟೆಪ್ನಿ ಮುಂದೆ ಇದ್ದರೆ ಒಳ್ಳೆಯದು. ಪಂಕ್ಚರ್ ಆಗಿದ್ದು ಹಿಂದಿನದಾದರೆ, ಮುಂದಿನ ಒಂದನ್ನು ತೆಗೆದು ಹಿಂದಕ್ಕೆ ಹಾಕಿ ಸ್ಟೆಪ್ನಿಯನ್ನು ಮುಂದೆ ಹಾಕಿ. ಮಳೆಯಲ್ಲಿ ಎರಡು ಸಲ ಜ್ಯಾಕ್ ಹಾಕೋದು ರಗಳೆಯೇ. ಆದರೂ ನಂತರ ಗ್ಯಾರೇಜಿಗೆ ಕೊಡೋದಕ್ಕಿಂತ ಮೇಲು.

ಹಾಕಿಸುವ ಮುಂಚೆ ಟೈರಿನ ವಯಸ್ಸು ನೋಡಿ. ಪಕ್ಕೆಯಲ್ಲಿ ‘ಡಾಟ್’ ಅಂತ ಶುರುವಾಗೋ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2325 ಅಂದರೆ 2025ರ 23ನೇ ವಾರ ತಯಾರಾದದ್ದು. ಕೆಲವು ಟೈರುಗಳಲ್ಲಿ ಈ ನಾಲ್ಕು ಅಂಕಿ ಒಂದೇ ಪಕ್ಕೆಯಲ್ಲಿರುತ್ತವೆ. ರಿಮ್ಮಿಗೆ ಏರಿಸಿದ ಮೇಲೆ ಅದು ಒಳಬದಿಗೆ ಹೋದರೆ ಗಾಡಿ ಕೆಳಗೆ ಮಲಗಿ ನೋಡಬೇಕಾಗುತ್ತದೆ. ನಿಧಾನ ಖರ್ಚಾಗುವ ಸೈಜ್ ಆದ್ದರಿಂದ ಹಳೇ ಸ್ಟಾಕ್ ದಾಟಿಸುವ ಸಂಭವ ಜಾಸ್ತಿ. ಸೈಜಿನ ಪಕ್ಕದ ಲೋಡ್ ನಂಬರನ್ನೂ ಹಳೇ ಟೈರಿನದಕ್ಕೆ ಹೋಲಿಸಿ. 96 ಇದ್ದರೆ ಒಂದು ಟೈರ್ 710 ಕೆ.ಜಿ. ಹೊರುತ್ತದೆ ಅಂತ ಅರ್ಥ. ಹೊಸದರಲ್ಲಿ ಅದಕ್ಕಿಂತ ಕಡಿಮೆ ಇರಬಾರದು. ಬಿಲ್ಲಿನಲ್ಲಿ ಜಿಎಸ್‌ಟಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 28ರಿಂದ 18ಕ್ಕೆ ಇಳಿದಿದೆ.

ಯಾವಾಗ ಹಾಕಿಸೋದು? ಸಂದಿನ ಆಳ 1.6 ಮಿ.ಮೀ.ಗೆ ಇಳಿಯುವವರೆಗೆ ಕಾನೂನು ಓಡಿಸೋಕೆ ಬಿಡುತ್ತದೆ. ಟೈರಿನ ಸಂದಿಯಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬಗಳಿವೆ, ಮೈ ಅವುಗಳ ಮಟ್ಟಕ್ಕೆ ಇಳಿದರೆ ಅಲ್ಲಿಗೆ ಮುಗಿಯಿತು. ಮಲೆನಾಡಿನ ಮಳೆಗೆ ಅಲ್ಲಿವರೆಗೂ ಕಾಯಬೇಡಿ, 3 ಮಿ.ಮೀ.ಗೇ ಬದಲಿಸಿ. ಮೇ ತಿಂಗಳಲ್ಲೇ ಹಾಕಿಸಿದರೆ ಇನ್ನೂ ಒಳ್ಳೆಯದು. ಹೊಸ ಟೈರಿನ ಮೈ ಮೊದಲ ಕೆಲವು ನೂರು ಕಿಲೋಮೀಟರ್ ಸ್ವಲ್ಪ ಜಾರುತ್ತದೆ. ಅಷ್ಟು ಒಣ ರಸ್ತೆಯಲ್ಲೇ ಮುಗಿದುಹೋಗಲಿ.

ಕೊನೆಯದಾಗಿ ಗಾಳಿ. ಪಂಕ್ಚರ್ ಅಂಗಡಿಯಲ್ಲಿ ಎತ್ತರದ ಗಾಡಿ ಕಂಡರೆ ಸಾಕು, ಕೇಳದೆಯೇ 35 ಪಿಎಸ್‌ಐ ಹೊಡೆದುಬಿಡುತ್ತಾರೆ. ಜಿಮ್ನಿ ಅಷ್ಟು ಭಾರದ ಗಾಡಿ ಅಲ್ಲ. ಜಾಸ್ತಿ ಗಾಳಿ ಹೊಡೆಸಿದರೆ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗಿ ಗಾಡಿ ಕುಣಿಯುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತವೂ ಕಡಿಮೆ. ಡ್ರೈವರ್ ಬಾಗಿಲು ತೆಗೆದರೆ ಬಾಡಿಯ ಕಂಬದ ಮೇಲೆ ಸ್ಟಿಕ್ಕರ್ ಇದೆ, ಅದರಲ್ಲಿ ಇರೋಷ್ಟೇ ಹಾಕಿಸಿ. ತೋಟದ ಏರಿನಲ್ಲಿ ಚಕ್ರ ಸುಮ್ನೆ ತಿರುಗೋಕೆ ಶುರುವಾದರೆ ನಾಲ್ಕರಲ್ಲೂ 18ಕ್ಕೆ ಇಳಿಸಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಹತ್ತಿಬಿಡುತ್ತದೆ. ಇನ್ನೂ ಕೆಳಗಿಳಿಸಿದರೆ ಟೈರ್ ರಿಮ್ಮಿನಿಂದ ಕಳಚುವ ಭಯ ಇದೆ. ಸಿಗರೇಟ್ ಲೈಟರ್ ಜಾಗಕ್ಕೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಒಂದು ಗಾಡಿಯಲ್ಲಿಟ್ಟಿರಿ. ಡಾಂಬರ್ ಸಿಕ್ಕಿದ ಕೂಡಲೇ ಗಾಳಿ ವಾಪಸ್ ತುಂಬಿಸಿಕೊಂಡೇ ಹಾಸನದ ಕಡೆ ಹೊರಡಿ.