ಫೋಟಾನಿನ ಕವಡೆಯಾಟ

ಚೌಕಾಬಾರ ಆಡುವಾಗ ಕವಡೆ ಅಂಗಾತ ಬೀಳುತ್ತದೋ ಬೋರಲೋ ಎಂದು ಎಸೆದವರಿಗೆ ಗೊತ್ತಿರುವುದಿಲ್ಲ. ಆದರೆ ಕೈಬಿಟ್ಟ ವೇಗ, ಸುತ್ತಿದ ಪರಿ, ನೆಲದ ಗಡಸುತನ ತಿಳಿದಿದ್ದರೆ ಲೆಕ್ಕ ಹಾಕಿ ಹೇಳಬಹುದು. ಬೆಳಕನ್ನು ಸರಿಪಾಲು ಮಾಡುವ ಬೀಮ್ ಸ್ಪ್ಲಿಟರ್‌ಗೆ ಬಂದು ತಾಗುವ ಒಂಟಿ ಫೋಟಾನಿನ, ಅಂದರೆ ಬೆಳಕಿನ ಒಂದು ಕಣದ, ವಿಷಯ ಬೇರೆ. ಅದು ಹಾದುಹೋಗುವುದೋ ತಿರುಗಿ ಹೊರಡುವುದೋ ಎಂದು ಮುಂಚೆಯೇ ಹೇಳಬಲ್ಲ ಯಾವ ಮಾಹಿತಿಯೂ ಕ್ವಾಂಟಮ್ ಸಿದ್ಧಾಂತದಲ್ಲಿಲ್ಲ. ಇಷ್ಟು ಕೇಳಿದ ಕೂಡಲೇ ಹಲವರು ‘ಹಾಗಾದರೆ ಹಣೆಬರಹ ಸುಳ್ಳು, ನಮ್ಮ ಇಚ್ಛೆ ಸ್ವತಂತ್ರ’ ಎಂಬಲ್ಲಿಗೆ ಜಿಗಿದುಬಿಡುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ್ದೊಂದಿದೆ: ಫೋಟಾನಿನ ಈ ಆಯ್ಕೆಯನ್ನೇ ಸೊನ್ನೆ-ಒಂದುಗಳಾಗಿ (ಬಿಟ್‌ಗಳಾಗಿ) ಬರೆದುಕೊಡುವ ಪೆಟ್ಟಿಗೆ ಕಟ್ಟಿದರೆ, ಅದರಿಂದ ಬಂದವು ನಿಜಕ್ಕೂ ಫೋಟಾನಿನವೇ, ಇಲ್ಲಾ ಉಪಕರಣದವೇ?

ಕಟ್ಟುವುದು ಸುಲಭ. ಲೇಸರನ್ನು ಪ್ರತಿ ಪಲ್ಸ್‌ಗೆ ಸರಾಸರಿ 0.1 ಫೋಟಾನ್ ಆಗುವಷ್ಟು ಮಂದ ಮಾಡಿ, ಬೀಮ್ ಸ್ಪ್ಲಿಟರ್ ಇಟ್ಟು, ಎರಡು ಕವಲಿಗೂ ಒಂದೊಂದು ಸಿಲಿಕಾನ್ ಡಿಟೆಕ್ಟರ್ ಹಾಕಿದರೆ ಮುಗಿಯಿತು. ಒಂದು ಕಡೆ ಸದ್ದಾದರೆ 0, ಇನ್ನೊಂದು ಕಡೆಯಾದರೆ 1. ತೊಂದರೆ ಇಲ್ಲಿಂದ ಶುರು. ಇಷ್ಟು ಮಂದ ಮಾಡಿದ ಮೇಲೂ, ಫೋಟಾನ್ ಇರುವ ನೂರು ಪಲ್ಸ್‌ಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕಿಂತ ಹೆಚ್ಚು ಫೋಟಾನ್ ಇರುತ್ತವೆ. ಬೀಮ್ ಸ್ಪ್ಲಿಟರ್ ಸರಿಯಾಗಿ ಅರ್ಧರ್ಧ ಹಂಚುವುದಿಲ್ಲ. ಅದರ ಪಾಲು ಬೆಳಕಿನ ಧ್ರುವೀಕರಣಕ್ಕೆ, ಅಂದರೆ ಅಲೆ ಕಂಪಿಸುವ ದಿಕ್ಕಿಗೆ, ತಕ್ಕಂತೆ ಬದಲಾಗುತ್ತದೆ. ಎರಡು ಡಿಟೆಕ್ಟರ್‌ಗಳ ದಕ್ಷತೆಯೂ ಒಂದೇ ಇರುವುದಿಲ್ಲ.

ಈ ವಾಲಿಕೆಯನ್ನು ಸರಿಮಾಡಲು ಗಣಿತಜ್ಞ ಜಾನ್ ಫಾನ್ ನಾಯ್ಮನ್ ಕೊಟ್ಟ ಉಪಾಯ ಕವಡೆಗೂ ಹೊಂದುತ್ತದೆ. ಕವಡೆ ಅಂಗಾತ ಬೀಳುವ ಸಾಧ್ಯತೆ ಅರ್ಧವೇ ಆಗಿರಬೇಕಿಲ್ಲ. ಒಂದೇ ಕವಡೆಯನ್ನು ಎರಡೆರಡು ಸಲ ಎಸೆಯಿರಿ. ಅಂಗಾತ-ಬೋರಲು ಬಂದರೆ 0, ಬೋರಲು-ಅಂಗಾತ ಬಂದರೆ 1, ಎರಡೂ ಒಂದೇ ಆದರೆ ಬಿಸಾಡಿ. ಉಳಿದದ್ದು ಸಮಸಮ. ಬೆಲೆ ಮಾತ್ರ ದುಬಾರಿ: 55-45ರ ವಾಲಿಕೆ ಇದ್ದರೆ 1,000 ಕಚ್ಚಾ ಬಿಟ್‌ಗಳಿಂದ ಕೈಗೆ ಸಿಗುವುದು ಸುಮಾರು 247. ಅತಿ ಎಚ್ಚರಿಕೆಯ ಲೆಕ್ಕ ಹಿಡಿದರೂ ತತ್ತ್ವದ ಪ್ರಕಾರ 860ರಷ್ಟು ಹಿಂಡಿ ತೆಗೆಯಬಹುದು. ಅದಕ್ಕಾಗಿಯೇ ಕಚ್ಚಾ ಬಿಟ್‌ಗಳ ಸಾಲನ್ನು ಟೋಪ್ಲಿಟ್ಜ್ ಮ್ಯಾಟ್ರಿಕ್ಸ್ ಎಂಬ ಅಂಕಿಗಳ ಚೌಕಟ್ಟಿನಿಂದ ಗುಣಿಸಿ ಚಿಕ್ಕದಾಗಿಸುವ ವಿಧಾನ ಬಳಕೆಯಲ್ಲಿದೆ.

ಆದರೆ ನಾಯ್ಮನ್ ಉಪಾಯಕ್ಕೆ ಒಂದು ಷರತ್ತಿದೆ. ಒಂದು ಎಸೆತಕ್ಕೂ ಮುಂದಿನದಕ್ಕೂ ನಂಟಿರಬಾರದು. ಡಿಟೆಕ್ಟರ್ ಕೈಕೊಡುವುದು ಇಲ್ಲೇ, ಅದೂ ಎರಡು ವಿರುದ್ಧ ದಿಕ್ಕಿನಲ್ಲಿ. ಒಮ್ಮೆ ಸದ್ದು ಮಾಡಿದ ಡಿಟೆಕ್ಟರ್ ಸುಮಾರು 50 ನ್ಯಾನೊಸೆಕೆಂಡ್ ಕುರುಡಾಗಿರುತ್ತದೆ. ಆ ಹೊತ್ತಿನಲ್ಲಿ ಬಂದ ಫೋಟಾನನ್ನು ಎದುರಿನ ಡಿಟೆಕ್ಟರ್ ಮಾತ್ರ ಹಿಡಿಯಬಲ್ಲದು, ಹಾಗಾಗಿ 0 ಆದ ಮೇಲೆ 1 ಬರುವುದು ಹೆಚ್ಚುತ್ತದೆ. ಸೆಕೆಂಡಿಗೆ 10 ಲಕ್ಷ ಎಣಿಕೆಯಿದ್ದರೆ ಹೀಗಾಗುವ ಸಾಧ್ಯತೆ ನೂರಕ್ಕೆ ಐದರ ಸುಮಾರು. ಇನ್ನೊಂದು ಕಡೆ, ಹಿಂದಿನ ಸದ್ದನ್ನು ಹುಟ್ಟಿಸಿದ ಎಲೆಕ್ಟ್ರಾನುಗಳ ಸಿಡಿತದಲ್ಲಿ ಅರೆವಾಹಕದೊಳಗೆ ಸಿಕ್ಕಿಕೊಂಡ ಎಲೆಕ್ಟ್ರಾನ್ ತಡವಾಗಿ ಬಿಡಿಸಿಕೊಂಡು ಅದೇ ಡಿಟೆಕ್ಟರನ್ನು ಮತ್ತೆ ಸಿಡಿಸುತ್ತದೆ; ಆಗ 0 ಆದ ಮೇಲೆ 0 ಹೆಚ್ಚುತ್ತದೆ. ಇವೆರಡೂ ಒಂದನ್ನೊಂದು ಮುಚ್ಚಿಹಾಕಿ, ಒಟ್ಟು ಲೆಕ್ಕ ಚೊಕ್ಕವಾಗಿ ಕಾಣುವುದುಂಟು. ಆದ್ದರಿಂದ ಬರೀ ಬಿಟ್‌ಗಳನ್ನು ಉಳಿಸಿಡಬೇಡಿ, ಪ್ರತಿ ಸದ್ದಿನ ಸಮಯವನ್ನೂ ಬರೆದಿಡಿ. ಪ್ರತಿ ಎಣಿಕೆಯ ನಂತರ ಎರಡೂ ಡಿಟೆಕ್ಟರ್‌ಗಳನ್ನು ಒಂದು ಮೈಕ್ರೊಸೆಕೆಂಡಿನಷ್ಟು ಒಟ್ಟಿಗೆ ಮುಚ್ಚಿದರೆ ತೊಂದರೆ ಬಹುಪಾಲು ತಗ್ಗುತ್ತದೆ. ಸಮಯದ ದಾಖಲೆಯಲ್ಲಿ 10 ಮಿಲಿಸೆಕೆಂಡಿಗೊಮ್ಮೆ ಏರಿಳಿತ ಕಂಡರೆ ಕ್ವಾಂಟಮ್ ರಹಸ್ಯ ಹುಡುಕಬೇಡಿ. ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ಮಿನುಗುವ ಕೋಣೆಯ ದೀಪ ಒಳಗೆ ಸೋರುತ್ತಿದೆ.

ಇಷ್ಟೆಲ್ಲ ಮಾಡಿದ ಮೇಲೆ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ರೂಪಿಸಿದ 15 ಪರೀಕ್ಷೆಗಳನ್ನು ಪಾಸು ಮಾಡಿಸಿ ‘ಇದು ಯಾದೃಚ್ಛಿಕ, ಪೂರ್ತಿ ಆಕಸ್ಮಿಕ’ ಎಂದು ಮುದ್ರೆ ಒತ್ತುವವರಿದ್ದಾರೆ. ಪೈ ಸಂಖ್ಯೆಯ ಅಂಕಿಗಳೂ ಅದರಲ್ಲಿ ಪಾಸಾಗುತ್ತವೆ! ಪೈಯಲ್ಲಿ ಆಕಸ್ಮಿಕವೇನೂ ಇಲ್ಲ. ಸಂಖ್ಯೆಗಳ ಮುಖ ನೋಡಿ ಅವುಗಳ ಹುಟ್ಟನ್ನು ಹೇಳಲಾಗದು.

ಹುಟ್ಟನ್ನು ಸಾಬೀತುಪಡಿಸಲು ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ತೋರಿಸಿದ ದಾರಿ ಬೇಕು. ಹೆಣೆದುಕೊಂಡ ಎರಡು ಕಣಗಳನ್ನು ದೂರ ದೂರ ಅಳೆಯುವಾಗ, ಉತ್ತರಗಳು ಮೊದಲೇ ಬರೆದಿಟ್ಟವಾಗಿದ್ದರೆ ಅವುಗಳ ಹೊಂದಾಣಿಕೆಯ ಅಳತೆ 2ನ್ನು ಮೀರಲಾರದು. ಕ್ವಾಂಟಮ್ ಲೆಕ್ಕದಲ್ಲಿ ಅದು 2.828ರವರೆಗೆ ಹೋಗಬಹುದು. 2 ದಾಟಿದಷ್ಟೂ ಫಲಿತಾಂಶದಲ್ಲಿ ಕನಿಷ್ಠ ಎಷ್ಟು ಹೊಸ ಆಕಸ್ಮಿಕವಿದೆ ಎಂದು ಉಪಕರಣವನ್ನು ನಂಬದೆಯೇ ಲೆಕ್ಕ ಹಾಕಬಹುದು. 2010ರಲ್ಲಿ ಹೀಗೆ ಮೊದಲ ಬಾರಿ ಪ್ರಮಾಣಿತ, ಅಂದರೆ ಆಕಸ್ಮಿಕವೆಂದು ಖಾತ್ರಿಯಾದ, ಬಿಟ್‌ಗಳು ಸಿಕ್ಕವು: ಸುಮಾರು ಒಂದು ತಿಂಗಳು, 3,016 ಪ್ರಯೋಗ, ಕೊನೆಗೆ ಕೈಗೆ ಬಂದದ್ದು 42 ಬಿಟ್.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ತಂಡ ಹಿಡಿದ ದಾರಿ ಬೇರೆ. ದೂರದ ಎರಡು ಕಣಗಳ ಬದಲು, ಒಂದೇ ಫೋಟಾನನ್ನು ಬೇರೆ ಬೇರೆ ಕ್ಷಣಗಳಲ್ಲಿ ವಿಚಾರಿಸುವ ಲೆಗೆಟ್-ಗಾರ್ಗ್ ಅಸಮತೆ. ವಸ್ತುವಿಗೆ ಪ್ರತಿ ಕ್ಷಣವೂ ಒಂದು ನಿಶ್ಚಿತ ಸ್ಥಿತಿ ಇದ್ದು, ಅದನ್ನು ಕಲಕದೆ ಅಳೆಯಲು ಸಾಧ್ಯವಿದ್ದರೆ ಈ ಅಳತೆ 1ನ್ನು ಮೀರಬಾರದು. ಕ್ವಾಂಟಮ್ ಮಿತಿ 1.5. ಕಲಕದೆ ಅಳೆಯುವುದು ಹೇಗೆ? ಒಂದು ದಾರಿಗೆ ತಡೆ ಇಟ್ಟು, ತಡೆಗೆ ಸಿಗದೆ ಬಂದ ಫೋಟಾನುಗಳನ್ನು ಮಾತ್ರ ಎಣಿಸುವುದು. 2022ರಲ್ಲಿ ಲೋಪದೋಷಗಳನ್ನು ಮುಚ್ಚಿ ಈ ಉಲ್ಲಂಘನೆಯನ್ನು ತೋರಿಸಿದರು. 2024ರಲ್ಲಿ ಅದೇ ತಳಹದಿಯ ಮೇಲೆ 9 ಲಕ್ಷಕ್ಕೂ ಹೆಚ್ಚು ಪ್ರಮಾಣಿತ ಬಿಟ್‌ಗಳನ್ನು ಪ್ರಕಟಿಸಿದರು.

ಹಾಗಿದ್ದರೆ ನಿಶ್ಚಿತ ಸ್ಥಿತಿ ಹುಟ್ಟುವುದು ಯಾವಾಗ? ಫೋಟಾನ್ ಹಿಡಿದ ದಾರಿಯ ಸುಳಿವು ಹೊರಜಗತ್ತಿಗೆ ಸೋರಿದೊಡನೆ ಎರಡು ದಾರಿಗಳ ಮೇಳ ಅಳಿಸಿಹೋಗುತ್ತದೆ. ಡಿಟೆಕ್ಟರಿನಲ್ಲಿ ಒಂದು ಎಲೆಕ್ಟ್ರಾನ್ ಲಕ್ಷಾಂತರ ಎಲೆಕ್ಟ್ರಾನುಗಳ ಸಿಡಿತವಾಗಿ ಹಬ್ಬಿ ಶಾಖವಾಗುತ್ತದೆ. ಅದನ್ನು ಹಿಂದಕ್ಕೆ ಮಡಿಸಲು ಬಾರದು. ಸೋರಿದ್ದನ್ನು ಓದಲು ಯಾರೂ ಕೂತಿರಬೇಕಿಲ್ಲ, ಪ್ರಜ್ಞೆಯ ನೋಟವೂ ಬೇಕಿಲ್ಲ. ಎರಡರಲ್ಲಿ ಇದೇ ಏಕೆ ಆಯಿತು ಎಂಬುದಕ್ಕೆ ಮಾತ್ರ ಈ ವಿವರಣೆಯಲ್ಲಿ ಉತ್ತರವಿಲ್ಲ, ಅಲ್ಲಿ ಭೌತವಿಜ್ಞಾನಿಗಳು ಇಂದಿಗೂ ಪಂಗಡಪಂಗಡವಾಗಿದ್ದಾರೆ.

ಇನ್ನು ಇಚ್ಛೆ. ಬೆಲ್ ಪರೀಕ್ಷೆಗೆ ಬೇಕಾದ ‘ಸ್ವಾತಂತ್ರ್ಯ’ ಬಹಳ ಇಕ್ಕಟ್ಟಾದದ್ದು: ಯಾವ ಕೋನದಲ್ಲಿ ಅಳೆಯಬೇಕೆಂಬ ಆಯ್ಕೆಗೂ ಕಣಗಳ ಗುಟ್ಟಿಗೂ ಒಳಸಂಚು ಇರಬಾರದು, ಅಷ್ಟೆ. 2016ರ ನವೆಂಬರ್ 30ರಂದು ಸುಮಾರು 1 ಲಕ್ಷ ಜನ ಆಟವಾಡುತ್ತಾ ಒತ್ತಿದ 9.7 ಕೋಟಿ ಬಿಟ್‌ಗಳು ಹಲವು ದೇಶಗಳ ಪ್ರಯೋಗಾಲಯಗಳಲ್ಲಿ ಈ ಕೋನಗಳನ್ನು ಆರಿಸಿದವು. ಮನುಷ್ಯರು ಒತ್ತಿದ ಬಿಟ್‌ಗಳು ವಾಲಿಕೆಯಿಂದ ಕೂಡಿರುತ್ತವೆ. ಒಂದೇ ಅಂಕಿ ಸತತ ಬರುವುದನ್ನು ನಮ್ಮ ಬೆರಳು ತಪ್ಪಿಸುತ್ತದೆ. ಆದರೂ ಪರೀಕ್ಷೆ ನಡೆಯಿತು, ಏಕೆಂದರೆ ಅಲ್ಲಿ ಮುಖ್ಯವಾದದ್ದು ಬಿಟ್‌ಗಳ ಸಮತೋಲ ಅಲ್ಲ, ಕಣಗಳಿಂದ ಅವು ಬೇರೆಯಾಗಿರುವುದು. ಫೋಟಾನಿನ ಬಿಟ್ ಸಮತೋಲವಾಗಿರಬಹುದು, ಆದರೆ ಅದರ ಹಿಂದೆ ಕಾರಣವೂ ಇಲ್ಲ, ಬಯಕೆಯೂ ಇಲ್ಲ. ಅಂಥ ಬಿಟ್ ನಿಮ್ಮ ಮಿದುಳಲ್ಲಿ ಬಿದ್ದು ಕೈ ಎತ್ತಿಸಿದರೆ ಅದು ನೀವು ಎತ್ತಿದ ಕೈ ಆಗದು.

ಎಲ್ಲವೂ ಮೊದಲೇ ಹೊಂದಿಸಿಟ್ಟ ಸಂಚು ಎಂಬ ವಾದವನ್ನು ಪೂರ್ತಿ ಅಲ್ಲಗಳೆಯಲು ಬಾರದು, ಹಿಂದಕ್ಕೆ ತಳ್ಳಬಹುದು. 2018ರಲ್ಲಿ ದೂರದ ಕ್ವೇಸಾರ್‌ಗಳ (ಬಹು ದೂರದ ಗ್ಯಾಲಕ್ಸಿಗಳ ಪ್ರಖರ ಕೇಂದ್ರಗಳ) ಬೆಳಕಿಗೇ ಕೋನಗಳ ಆಯ್ಕೆ ಬಿಟ್ಟರು. ಫಲಿತಾಂಶ ಮತ್ತೆ 2ನ್ನು ದಾಟಿತು. ಸಂಚು ಇದ್ದರೆ ಅದು 780 ಕೋಟಿ ವರ್ಷಗಳಿಗೂ ಹಿಂದೆ, ಭೂಮಿ ಹುಟ್ಟುವುದಕ್ಕೂ ಮುಂಚೆ ನಡೆದಿರಬೇಕು.