ಮಕ್ಕಳ ಮೈನಸ್ ನಂಬರ್ ಏರ್ತಾನೇ ಇದ್ರೆ ಮಾಡೋ ಸರ್ಜರಿ: ಸ್ಕ್ಲೀರಲ್ ರಿಇನ್‌ಫೋರ್ಸ್‌ಮೆಂಟ್

ಇದು ಕನ್ನಡಕ ಬಿಡಿಸೋ ಆಪರೇಷನ್ ಅಲ್ಲ, ಇದನ್ನ ಮೊದಲು ತಲೇಲಿ ಇಟ್ಕೊಳ್ಳಿ. ಆ ಥರದ ಲೇಸರ್ ಆಪರೇಷನ್ ಆದ ಲೇಸಿಕ್‌ನಲ್ಲಿ ಕಣ್ಣಿನ ಮುಂದಿನ ಪಾರದರ್ಶಕ ಪದರದ (ಕಾರ್ನಿಯಾ) ಆಕಾರ ಬದಲಾಗುತ್ತೆ ಅಷ್ಟೇ, ಕಣ್ಣು ಹಿಂದಕ್ಕೆ ಉದ್ದ ಬೆಳೆಯೋದು ನಿಲ್ಲಲ್ಲ, ಅದಕ್ಕೇ ಅದನ್ನ 18 ತುಂಬಿ ನಂಬರ್ ಒಂದು ಕಡೆ ನಿಂತ ಮೇಲೆ ಮಾಡೋದು. ಮಕ್ಕಳಲ್ಲಿ ತೊಂದ್ರೆ ಇರೋದೇ ಆ ಉದ್ದದಲ್ಲಿ. ದೊಡ್ಡವರ ನಾರ್ಮಲ್ ಕಣ್ಣು ಸುಮಾರು 24 ಮಿ.ಮೀ. ಉದ್ದ, 1 ಮಿ.ಮೀ. ಜಾಸ್ತಿ ಆದ್ರೆ ಹತ್ರ ಹತ್ರ 2.5 ರಿಂದ 3 ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ) ಮೈನಸ್ ಏರುತ್ತೆ. ಹೀಗೆ ಉದ್ದ ಆಗ್ತಾ ಆಗ್ತಾ ಹಿಂಭಾಗದ ಸ್ಕ್ಲೀರಾ, ಅಂದ್ರೆ ಕಣ್ಣಿನ ಬಿಳಿ ಗೋಡೆ, ತೆಳ್ಳಗಾಗಿ ಕೆಲವರಲ್ಲಿ ಹಿಂದಕ್ಕೆ ಉಬ್ಬಿಬಿಡುತ್ತೆ (ಸ್ಟ್ಯಾಫಿಲೋಮಾ), ಒಳಗಿನ ರೆಟಿನಾನೂ (ಬೆಳಕು ಗ್ರಹಿಸೋ ಪದರ) ಎಳೆತಕ್ಕೆ ಸಿಕ್ಕಿ ಅದರ ಮಧ್ಯದ ಮ್ಯಾಕುಲಾ, ಅಂದ್ರೆ ಸ್ಪಷ್ಟವಾಗಿ ನೋಡೋ ಜಾಗ, ಹಾಳಾದ್ರೆ ಆಮೇಲೆ ಯಾವ ಕನ್ನಡಕ ಹಾಕಿದ್ರೂ ಆ ನೋಟ ವಾಪಸ್ ಬರಲ್ಲ. ಭಯ ಇರೋದು ಇದಕ್ಕೆ, ದಪ್ಪ ಗ್ಲಾಸಿಗಲ್ಲ.

ಈ ತೆಳ್ಳಗಾದ ಗೋಡೆಗೆ ಹೊರಗಿಂದ ಒಂದು ಪಟ್ಟಿ ಕೊಡೋದೇ ಪೋಸ್ಟೀರಿಯರ್ ಸ್ಕ್ಲೀರಲ್ ರಿಇನ್‌ಫೋರ್ಸ್‌ಮೆಂಟ್. ಮಕ್ಕಳಿಗಾದ್ರೆ ಪೂರ್ತಿ ಅನಸ್ತೇಷಿಯಾ ಕೊಟ್ಟು, ಕಣ್ಣಿನ ಬಿಳಿ ಭಾಗದ ಮೇಲಿನ ತೆಳು ಪೊರೆ (ಕಂಜಂಕ್ಟೈವಾ) ತೆರೆದು, ಕಣ್ಣಿನ ಸ್ನಾಯುಗಳ ಅಡಿಯಿಂದ ಪಟ್ಟಿ ತೂರಿಸಿ ಮ್ಯಾಕುಲಾದ ಹಿಂದೆ ಜೋಲಿ ಥರ ಕೂರಿಸಿ ಎರಡೂ ತುದಿ ಮುಂಭಾಗದ ಸ್ಕ್ಲೀರಾಗೆ ಹೊಲೀತಾರೆ. ಐಡಿಯಾ ಹಳೇದು, 1930ರಲ್ಲೇ ಶೆವೆಲೆವ್ ಅನ್ನೋ ಡಾಕ್ಟರ್ ತೊಡೆಯ ಫ್ಯಾಸಿಯಾ ಲಾಟಾ (ಸ್ನಾಯುಗಳ ಮೇಲಿನ ಗಟ್ಟಿ ಪೊರೆ) ಬಳಸೋ ವಿಧಾನ ಸೂಚಿಸಿದ್ರು, 1972ರಲ್ಲಿ ಸ್ನೈಡರ್ ಮತ್ತು ಥಾಂಪ್ಸನ್ ಅದನ್ನ ಸುಧಾರಿಸಿದ್ರು. ಈಗ ದಾನವಾಗಿ ಬಂದ ಕಣ್ಣಿನ ಸ್ಕ್ಲೀರಾನೂ ಬಳಸ್ತಾರೆ, ಜಾಸ್ತಿ ನಡೆಯೋದು ರಷ್ಯಾ, ಚೀನಾದಲ್ಲಿ.

ಯಾರಿಗೆ? ನಂಬರ್ ಆಗಲೇ ತುಂಬಾ ಇದ್ದು ವರ್ಷಕ್ಕೆ 1 ಡಯಾಪ್ಟರ್ ಅಥವಾ ಅದಕ್ಕಿಂತ ಜಾಸ್ತಿ ಏರ್ತಿರೋ ಕೆಲವೇ ಮಕ್ಕಳಿಗೆ. ಉಳಿದವರಿಗೆ ಹೊರಗಡೆ ಬೆಳಕಲ್ಲಿ ಆಟ, ಕಡಿಮೆ ಡೋಸ್ ಅಟ್ರೊಪಿನ್ ಡ್ರಾಪ್ಸ್ (0.01 ರಿಂದ 0.05%), ಆರ್ಥೋ-ಕೆ (ರಾತ್ರಿ ಮಲಗುವಾಗ ಹಾಕೋ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್) ಅಥವಾ ಮಯೋಪಿಯಾ ಕಂಟ್ರೋಲ್ ಲೆನ್ಸ್ (ಮೈನಸ್ ನಂಬರ್ ಏರೋದನ್ನ ನಿಧಾನ ಮಾಡೋ ಲೆನ್ಸ್), ಇಷ್ಟು ನೋಡದೆ ಸರ್ಜರಿ ಮಾತೇ ಎತ್ತಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಯಾಕಂದ್ರೆ ರಿಸ್ಕ್ ಸಣ್ಣದಲ್ಲ: ಕಣ್ಣಿನ ಪ್ರೆಶರ್ ಏರಬಹುದು, ವೋರ್ಟೆಕ್ಸ್ ರಕ್ತನಾಳ (ಕಣ್ಣಿಂದ ರಕ್ತ ಹೊರಗೆ ಒಯ್ಯೋದು) ಅಥವಾ ಆಪ್ಟಿಕ್ ನರಕ್ಕೆ ಒತ್ತಡ ಬೀಳಬಹುದು, ರಕ್ತಸ್ರಾವ, ಡಬಲ್ ಕಾಣೋದು ಇವೂ ಇವೆ.

ಇನ್ನು ರಿಸಲ್ಟ್. ಬೆಳವಣಿಗೆ ನಿಧಾನ ಆಗಿದೆ ಅಂತ ಹಲವು ಅಧ್ಯಯನ ಹೇಳ್ತವೆ, ಆದ್ರೆ ಒಳ್ಳೆ ರ‍್ಯಾಂಡಮೈಸ್ಡ್ ಟ್ರಯಲ್ (ಯಾರಿಗೆ ಯಾವ ಚಿಕಿತ್ಸೆ ಅಂತ ಚೀಟಿ ಎತ್ತಿದ ಹಾಗೆ ಹಂಚಿ ಹೋಲಿಸೋ ಅಧ್ಯಯನ) ತುಂಬಾ ಕಮ್ಮಿ. ಈ ಅಧ್ಯಯನಗಳನ್ನ ಓದುವಾಗ ಒಂದು ನೋಡಿ, ಪಟ್ಟಿ ಹಿಂದಿನಿಂದ ಒತ್ತೋದ್ರಿಂದ ಆಪರೇಷನ್ ಆದ ಕೂಡಲೇ ಕಣ್ಣಿನ ಉದ್ದ ಸ್ವಲ್ಪ ಕಮ್ಮಿ ಬರುತ್ತೆ, ಅದು ಬೆಳವಣಿಗೆ ತಡೆದ ಲೆಕ್ಕ ಅಲ್ಲ, ಅದಾದ ಮೇಲಿನ ಅಳತೆಯಿಂದ ವರ್ಷ ವರ್ಷ ಎಷ್ಟು ಉದ್ದ ಆಯ್ತು ಅಂತಾನೇ ಹೋಲಿಸಬೇಕು.