ಕಬ್ಬಿಣ ಬಗ್ಗುತ್ತಾ ಸಾರ್?

ರಾತ್ರಿ ಒಂಬತ್ತರ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು ಅಂದರೆ ಬಹಳ ಸಲ ಲೇತ್ ವಿಷಯವೇ, ಅಂದರೆ ಲೋಹವನ್ನು ತಿರುಗಿಸುತ್ತಾ ಕಡೆಯುವ ಮಷೀನಿನ ವಿಷಯ. ಮಾತೂ ಒಂದೇ.

“ಸಾರ್, ಹೊಸ ಲೇತ್ ತಗೊಂಡೆ. ಟೇಪರ್ ಹೊಡೀತಿದೆ. ಚಕ್ ಹತ್ರ ಒಂದು ಅಳತೆ, ಈಚೆ ತುದಿಗೆ ಇನ್ನೊಂದು. ಹಾಳು ಮಷೀನ್ ಕೊಟ್ಟುಬಿಟ್ಟಿದ್ದಾರೆ.”

ಚಕ್ ಅಂದರೆ ಜಾಬನ್ನು, ಅಂದರೆ ಕಡೆಯಬೇಕಾದ ತುಂಡನ್ನು, ಕಚ್ಚಿ ಹಿಡಿಯುವ ಭಾಗ. ಒಂದೇ ದಪ್ಪ ಬರಬೇಕಾದ ರಾಡ್ ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ಸಣ್ಣ ಬಂದರೆ ಅದು ಟೇಪರ್.

“ಫೌಂಡೇಶನ್ ನಟ್ ಬಿಗಿ ಮಾಡಿದ್ದೀರಾ?”

“ಹೂಂ ಸಾರ್! ಸ್ಪ್ಯಾನರ್‌ಗೆ ಎರಡಡಿ ಪೈಪ್ ಹಾಕಿ ಬಿಗಿ ಮಾಡಿಸಿದ್ದೀನಿ. ಆನೆ ಬಂದು ತಳ್ಳಿದ್ರೂ ಅಲುಗಾಡಲ್ಲ.”

“ನಾಲ್ಕೂ ನಟ್ ಸಡಿಲ ಮಾಡಿ. ಬೋಲ್ಟ್ ತೆಗೀಬೇಡಿ, ನಟ್ ಮಾತ್ರ. ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಕಡಿಮೆ ಸ್ಪೀಡಲ್ಲಿ ಸಣ್ಣ ಕಟ್ ಹಾಕಿ ನೋಡಿ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿರುವುದಿಲ್ಲ. ಆಮೇಲೆ ಆ ಪ್ರಶ್ನೆ ಬರುತ್ತದೆ. “ಅಷ್ಟು ದಪ್ಪ ಬೀಡು ಕಬ್ಬಿಣ. ಅದು ಬಗ್ಗುತ್ತಾ ಸಾರ್?”

ಬಗ್ಗುತ್ತದೆ. ಪೀಣ್ಯದಲ್ಲಿ ಮಷೀನ್ ಕೂರಿಸುವ ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನ ಗುರುಗಳು ಇದನ್ನು ಕಣ್ಣಿಗೆ ತೋರಿಸಿದ್ದರು. ಆರಡಿ ಲೇತಿನ ಬೆಡ್ ಮೇಲೆ, ಅಂದರೆ ಉಳಿದ ಭಾಗಗಳೆಲ್ಲ ಕೂರುವ ಉದ್ದನೆಯ ಬೀಡು ಕಬ್ಬಿಣದ ತಳದ ಮೇಲೆ, ಗುಳ್ಳೆ ಇರುವ ಲೆವೆಲ್ ಇಟ್ಟು, ಮೂಲೆಯ ನಟ್ಟನ್ನು ಕಾಲು ಸುತ್ತು ತಿರುಗಿಸು ಅಂದರು. ತಿರುಗಿಸಿದೆ. ಗುಳ್ಳೆ ನಿಧಾನಕ್ಕೆ ಪಕ್ಕಕ್ಕೆ ಸರಿಯಿತು. ಸಡಿಲ ಮಾಡಿದೆ, ವಾಪಸ್ ಬಂತು. ಇವತ್ತಿಗೂ ನಂಬದ ಗಿರಾಕಿಗಳ ಕೈಗೆ ಸ್ಪ್ಯಾನರ್ ಕೊಟ್ಟು ಇದನ್ನೇ ಮಾಡಿಸುತ್ತೇನೆ.

ಇತ್ತೀಚೆಗೆ ಮನೆಯಲ್ಲೇ ಲೇತ್ ಇಟ್ಟುಕೊಳ್ಳುವವರು ಹೆಚ್ಚಾಗುತ್ತಿದ್ದಾರೆ. ದೊಡ್ಡ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು, ಪುಟ್ಟ ಸ್ಟೀಮ್ ಎಂಜಿನ್ ಮಾಡುವ ಹುಚ್ಚಿನವರು, ಕೆಲಸ ಬಿಟ್ಟು ಸ್ವಂತ ಜಾಬ್‌ವರ್ಕ್ ಶುರು ಮಾಡುವ ಹುಡುಗರು. 30×40 ಸೈಟಿನ ಮನೆ, ಕಾರು ನಿಲ್ಲಿಸುವ ಜಾಗದಲ್ಲಿ ಲೇತ್. ನನಗೆ ಇವರೆಲ್ಲ ಬಹಳ ಇಷ್ಟ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಹೆಚ್‌ಎಂಟಿ, ಹೀಗೆ ಲೇತ್ ಮಾಡುವ ಕಾರ್ಖಾನೆಗಳು ಶುರುವಾದ ನಾಡು ನಮ್ಮದು. ಲೇತ್ ಮೇಲಿನ ಈ ಆಸೆ ಬಂದದ್ದು ಅಲ್ಲಿಂದಲೇ ಅಂತ ನನಗೆ ಅನಿಸುತ್ತದೆ. ಅಷ್ಟು ಆಸೆಪಟ್ಟು, ಉಳಿತಾಯದ ದುಡ್ಡು ಹಾಕಿ ಮಷೀನ್ ತಂದವರು ಬಂದ ದಿನವೇ ಅದರ ಕುತ್ತಿಗೆ ಹಿಸುಕುತ್ತಾರೆ. ಸಂಕಟ ಆಗುವುದು ಅದಕ್ಕೇ.

ಇಳಿಸುವ ವಿಷಯ ಬೇಗ ಮುಗಿಸುತ್ತೇನೆ. ರಾಜ್‌ಕೋಟ್, ಬಟಾಲಾ, ಕೊಯಮತ್ತೂರು, ಎಲ್ಲಿಂದಲೇ ಬರಲಿ, ಲೇತಿನ ಭಾರವೆಲ್ಲ ಹೆಡ್‌ಸ್ಟಾಕ್ (ಚಕ್ ತಿರುಗಿಸುವ ಗೇರ್ ಪೆಟ್ಟಿಗೆ) ಕಡೆಗೇ ಇರುತ್ತದೆ, ಅದೂ ಮೇಲುಗಡೆ. ಎತ್ತುವ ಮೊದಲು ಟೇಲ್‌ಸ್ಟಾಕನ್ನೂ (ಜಾಬ್‌ನ ಇನ್ನೊಂದು ತುದಿಗೆ ಆಸರೆ ಕೊಡುವ ಭಾಗ) ಕ್ಯಾರೇಜನ್ನೂ (ಟೂಲ್ ಹೊತ್ತು ಬೆಡ್ ಮೇಲೆ ಓಡಾಡುವ ಭಾಗ) ಹೆಡ್‌ಸ್ಟಾಕ್‌ನಿಂದ ದೂರದ ತುದಿಗೆ ಸರಿಸಿ ಲಾಕ್ ಮಾಡಿ. ಎತ್ತುವ ಬೆಲ್ಟ್, ಬೆಡ್ ಉದ್ದಕ್ಕೂ ಇರುವ ಲೀಡ್ ಸ್ಕ್ರೂ ಎಂಬ ಉದ್ದನೆಯ ತಿರುಪು ಸರಳಿನ ಮೇಲೆ ಒತ್ತಬಾರದು. ಮಷೀನ್ ವಾಲಿದರೆ ಹಿಡಿಯಲು ಹೋಗಬೇಡಿ, ದೂರ ಓಡಿ. ಮಷೀನ್ ಶಿಫ್ಟಿಂಗ್ ಗೊತ್ತಿರುವ ಹುಡುಗರನ್ನೇ ಕರೆಸಿ. ಮೂರು ಪೈಪು, ಎರಡು ಹಾರೆ, ನಾಲ್ಕು ಹಲಗೆ ಇದ್ದರೆ ಸಾಕು, ಅವರು ಒಂದು ಟನ್ ಕಬ್ಬಿಣವನ್ನು ಗೇಟಿನೊಳಗೆ ಗೀರು ಬೀಳದ ಹಾಗೆ ತಂದು ನಿಲ್ಲಿಸುತ್ತಾರೆ. ಅವರು ಕೆಲಸ ಮಾಡುವಾಗ ಹೆಚ್ಚು ಮಾತಾಡುವುದಿಲ್ಲ. ಒಬ್ಬ ಹಾರೆ ಒತ್ತಿದರೆ ಇನ್ನೊಬ್ಬ ಹೇಳಿಸಿಕೊಳ್ಳದೆ ಪೈಪ್ ಜರುಗಿಸುತ್ತಾನೆ. ಅವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಬೆಡ್‌ಗೆ ಬಳಿದ ತುಕ್ಕು ತಡೆಯುವ ಜಿಡ್ಡನ್ನು ಸೀಮೆಎಣ್ಣೆಯಿಂದ ಒರೆಸಿ, ಎಣ್ಣೆ ಹಾಕಿದ ಮೇಲೆಯೇ ಕ್ಯಾರೇಜ್ ಆಡಿಸಿ. ಗೇರ್‌ಬಾಕ್ಸ್‌ನಲ್ಲಿ ಎಣ್ಣೆ ಇದೆಯಾ ನೋಡದೆ ಸ್ವಿಚ್ ಒತ್ತಬೇಡಿ. ಎಷ್ಟೋ ಸಲ ಎಣ್ಣೆ ಇಲ್ಲದೆಯೇ ಕಳಿಸಿರುತ್ತಾರೆ. ಮನೆಯಲ್ಲಿ ಸಿಂಗಲ್ ಫೇಸ್ ಇದ್ದು ಮೋಟಾರ್ ತ್ರೀ ಫೇಸ್ ಆಗಿದ್ದರೆ ವಿಎಫ್‌ಡಿ (ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ಪೆಟ್ಟಿಗೆ) ಹಾಕಬಹುದು. ಆದರೆ ಆ ಮೋಟಾರಿನ ಆರು ವೈರ್ ತುದಿಗಳೂ ಹೊರಗೆ ಬಂದಿವೆಯಾ, ಅದನ್ನು ಡೆಲ್ಟಾ ಜೋಡಣೆಗೆ ಬದಲಾಯಿಸಬಹುದಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಮೊದಲು ನೋಡಿಸಿ. ಅರ್ಥಿಂಗ್ ಬಗ್ಗೆ ನಾನು ಹೇಳಬೇಕಾಗಿಲ್ಲ.

ಈಗ ಬೆಡ್ ವಿಷಯಕ್ಕೆ ಬರುತ್ತೇನೆ.

ಜನ ತಿಳಿದುಕೊಂಡಿರುವುದು ಏನು? ಲೇತ್ ಮಟ್ಟವಾಗಿರಬೇಕು, ಗಟ್ಟಿಯಾಗಿ ಕಚ್ಚಿಕೊಂಡಿರಬೇಕು, ಅಷ್ಟೇ. ಗಾರೆಯವರ ಹತ್ತಿರ ರಸಮಟ್ಟ ಇಸಕೊಂಡು ಬೆಡ್ ಉದ್ದಕ್ಕೆ ಇಟ್ಟು, ಗುಳ್ಳೆ ನಡುವೆ ಬಂತು ಅಂದರೆ ಸಮಾಧಾನ. ನಾನು ಹೇಳುವುದನ್ನು ಸ್ವಲ್ಪ ನಿಧಾನವಾಗಿ ಓದಿ. ಲೇತ್ ಮಟ್ಟವಾಗಿ ಇರಲೇಬೇಕು ಅಂತಿಲ್ಲ. ಹಡಗುಗಳಲ್ಲಿ ಲೇತ್ ಇರುತ್ತದೆ. ಸಮುದ್ರದ ಮಧ್ಯೆ ಹಡಗು ಅತ್ತಿತ್ತ ವಾಲುತ್ತಲೇ ಇರುತ್ತದೆ, ಆದರೂ ಅದರಲ್ಲಿ ಶಾಫ್ಟ್ ನೇರವಾಗಿಯೇ ಬರುತ್ತದೆ. ಯಾಕೆ? ಇಡೀ ಲೇತ್ ಒಟ್ಟಿಗೆ ವಾಲುತ್ತದೆ. ಬೆಡ್‌ನ ಈ ತುದಿ ಎಷ್ಟು ವಾಲಿದೆಯೋ ಆ ತುದಿಯೂ ಅಷ್ಟೇ ವಾಲಿರುತ್ತದೆ.

ಕೆಲಸ ಕೆಡುವುದು ಒಂದು ತುದಿ ಒಂದು ಕಡೆಗೆ, ಇನ್ನೊಂದು ತುದಿ ಇನ್ನೊಂದು ಕಡೆಗೆ ವಾಲಿದಾಗ. ಒದ್ದೆ ಬಟ್ಟೆ ಹಿಂಡುವಾಗ ಎರಡು ಕೈ ಹೇಗೆ ತಿರುಗುತ್ತವೆ, ಹಾಗೆ. ಇದನ್ನೇ ನಾವು ಬೆಡ್ ಟ್ವಿಸ್ಟ್ ಅನ್ನುತ್ತೇವೆ. ನಿಮ್ಮ ನೆಲ ನಾಲ್ಕು ಮೂಲೆಯಲ್ಲೂ ಒಂದೇ ಸಮ ಇರುವುದಿಲ್ಲ, ಯಾರ ಮನೆಯಲ್ಲೂ ಇರುವುದಿಲ್ಲ. ಮೂರು ಕಾಲು ನೆಲಕ್ಕೆ ತಾಗುತ್ತವೆ, ನಾಲ್ಕನೆಯದು ಕೂದಲೆಳೆಯಷ್ಟು ಮೇಲೆ ನಿಂತಿರುತ್ತದೆ. ಎರಡಡಿ ಪೈಪ್ ಹಾಕಿ ಆ ನಾಲ್ಕನೇ ನಟ್ ಬಿಗಿ ಮಾಡಿದಾಗ ನೆಲ ಮೇಲೆ ಬರುವುದಿಲ್ಲ. ಕಾಲು ಕೆಳಗೆ ಹೋಗುತ್ತದೆ, ಜೊತೆಗೆ ಬೆಡ್ ತಿರುಚಿಕೊಳ್ಳುತ್ತದೆ.

ಎಷ್ಟು ತಿರುಚಿದರೆ ಎಷ್ಟು ಕೆಡುತ್ತದೆ, ಲೆಕ್ಕ ಹಾಕೋಣ. ಬೆಡ್‌ನ ಎರಡು ತುದಿಗಳ ವಾಲುವಿಕೆಯಲ್ಲಿ ಮೀಟರಿಗೆ 0.1 ಮಿ.ಮೀ. ವ್ಯತ್ಯಾಸ ಇದೆ ಅನ್ನಿ. ಬೆಡ್ ಅಗಲ 250 ಮಿ.ಮೀ. ಆದರೆ ಒಂದು ಅಂಚು ಎದ್ದಿರುವುದು ಬರೀ 0.025 ಮಿ.ಮೀ. ಜೆರಾಕ್ಸ್ ಹಾಳೆಯ ದಪ್ಪದಲ್ಲಿ ಸುಮಾರು ಕಾಲು ಭಾಗ. ಟೂಲ್ ತುದಿ ಬೆಡ್‌ನಿಂದ 165 ಮಿ.ಮೀ. ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಅದು 0.0165 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ಜಾಬ್‌ನ ವ್ಯಾಸದಲ್ಲಿ ಅದು ಎರಡರಷ್ಟು, ಅಂದರೆ 0.033 ಮಿ.ಮೀ. 6205 ಬೇರಿಂಗ್ ಕೂರುವ 25 ಮಿ.ಮೀ. ಶಾಫ್ಟ್‌ಗೆ ಜೆ6 ಫಿಟ್ (ಶಾಫ್ಟ್ ಅಳತೆ ಎಷ್ಟು ಹೆಚ್ಚು ಕಡಿಮೆ ಇರಬಹುದು ಅನ್ನುವ ಮಿತಿ) ಕೇಳಿದರೆ ನಿಮಗೆ ಸಿಗುವ ಒಟ್ಟು ಅವಕಾಶ 0.013 ಮಿ.ಮೀ. ಹಾಳೆಯ ಕಾಲು ಭಾಗ ನಿಮ್ಮ ಕೆಲಸವನ್ನು ಎಲ್ಲಿಗೆ ಒಯ್ಯಿತು ನೋಡಿ.

ಗಾರೆಯವರ ರಸಮಟ್ಟಕ್ಕೆ ಇದು ಕಾಣುವುದೇ ಇಲ್ಲ. ಗೋಡೆ, ಬಾಗಿಲ ಚೌಕಟ್ಟಿಗೆ ಅದು ಸಾಕು. ನಮಗೆ ಬೇಕಾದದ್ದು ಒಂದು ಗೀಟಿಗೆ ಮೀಟರಿಗೆ 0.02 ಮಿ.ಮೀ. ತೋರಿಸುವ ಮಷೀನ್ ಲೆವೆಲ್. ಕೊಂಡುಕೊಳ್ಳಬೇಕಾಗಿಲ್ಲ, ಪರಿಚಯದ ವರ್ಕ್‌ಶಾಪಿನಿಂದ ಎರಡು ದಿನಕ್ಕೆ ತಂದರೆ ಆಯಿತು.

ತುಮಕೂರಿನ ಹತ್ತಿರ ಒಬ್ಬ ರಿಟೈರ್ಡ್ ಐಟಿಐ ಮೇಷ್ಟ್ರ ಮನೆಗೆ ಹೋಗಿದ್ದೆ. ಕಾರ್ ಪೋರ್ಚ್‌ನಲ್ಲಿ ಹೊಸ ಲೇತ್. ಮಳೆ ನೀರು ಹರಿಯಲಿ ಅಂತ ಪೋರ್ಚ್‌ಗೆ ಇಳಿಜಾರು ಕೊಟ್ಟಿರುತ್ತಾರೆ ಅಲ್ವಾ, ಅದಕ್ಕೆ ಹೆದರಿ ಎರಡು ಸಿಮೆಂಟ್ ಕಟ್ಟೆ ಕಟ್ಟಿಸಿದ್ದರು. ಹೆಡ್‌ಸ್ಟಾಕ್ ಕಾಲಿಗೆ ಒಂದು, ಟೇಲ್‌ಸ್ಟಾಕ್ ಕಾಲಿಗೆ ಒಂದು. ಉದ್ದಕ್ಕೆ ಮಟ್ಟ ಬರಲು ನಾಲ್ಕು ದಿನ ಗಾರೆಯವನ ಜೊತೆ ನಿಂತು ಮಾಡಿಸಿದ್ದರಂತೆ. ಉದ್ದಕ್ಕೆ ನಿಜಕ್ಕೂ ಚೆನ್ನಾಗಿತ್ತು. ಅಡ್ಡಕ್ಕೆ ಎರಡು ಕಟ್ಟೆಗಳೂ ಒಂದೇ ಥರ ಇವೆಯಾ ಅಂತ ಯಾರೂ ನೋಡಿರಲಿಲ್ಲ. ಮಷೀನ್ ಬಂದ ದಿನ ಹನ್ನೊಂದೂವರೆಗೆ ಪೂಜೆಯ ಮುಹೂರ್ತ. ಅಷ್ಟರೊಳಗೆ ಮುಗಿಯಬೇಕು ಅಂತ ನಾಲ್ಕೂ ನಟ್ ಒಂದೇ ಏಟಿಗೆ ಬಿಗಿದಿದ್ದಾರೆ. ಕುಂಬಳಕಾಯಿ ಒಡೆದು, ಬೆಡ್‌ಗೆ ಅರಿಶಿನ ಕುಂಕುಮ ಹಚ್ಚಿ, ಸಿಹಿ ಹಂಚಿದ್ದಾರೆ. ಪೂಜೆ ಖಂಡಿತ ಮಾಡಿ, ಪ್ರತಿ ಆಯುಧಪೂಜೆಗೆ ನಾನೂ ಮಾಡುತ್ತೇನೆ. ಆದರೆ ಒದ್ದೆ ಅರಿಶಿನವನ್ನು ಬೆಡ್ ಮೇಲೆ ಬಿಡಬೇಡಿ, ತುಕ್ಕು ಹಿಡಿಯುತ್ತದೆ. ಹೆಡ್‌ಸ್ಟಾಕ್ ಬಣ್ಣದ ಮೇಲೆ ಹಚ್ಚಿ.

ಮೇಷ್ಟ್ರು 200 ಮಿ.ಮೀ. ಉದ್ದಕ್ಕೆ 0.06 ಮಿ.ಮೀ. ಟೇಪರ್ ತೋರಿಸಿದರು. ಮಷೀನ್ ಜೊತೆ ಬಂದ ಟೆಸ್ಟ್ ಚಾರ್ಟ್ ಹಿಡಿದು, “ಇದರಲ್ಲಿ ಬರೆದದ್ದೆಲ್ಲ ಸುಳ್ಳಾ?” ಅಂತ ಕೇಳಿದರು. ಸುಳ್ಳಲ್ಲ. ಲೇತ್ ಪರೀಕ್ಷೆಗಳನ್ನು ಒಂದು ಕ್ರಮಕ್ಕೆ ತಂದವರು ಬರ್ಲಿನ್‌ನ ಪ್ರೊಫೆಸರ್ ಗೆಯೋರ್ಗ್ ಶ್ಲೆಸಿಂಗರ್, 1927ರಲ್ಲಿ. ಆ ಪರೀಕ್ಷೆಗಳೆಲ್ಲ ಬೆಡ್ ಸರಿಯಾಗಿ ಕೂತ ಮೇಲಿನ ಮಾತು. ಕೂರಿಸುವ ಮೊದಲೇ ಚಾರ್ಟ್ ಹಿಡಿದು ಜಗಳಕ್ಕೆ ಹೋಗುವಂತಿಲ್ಲ.

ಕ್ಯಾರೇಜ್ ಮೇಲೆ ಅಡ್ಡಕ್ಕೆ ಸರಿಯುವ ಕ್ರಾಸ್ ಸ್ಲೈಡ್ ಮೇಲೆ ಲೆವೆಲನ್ನು ಬೆಡ್‌ಗೆ ಅಡ್ಡವಾಗಿ ಇಟ್ಟೆ. ಕ್ಯಾರೇಜ್ ಹೆಡ್‌ಸ್ಟಾಕ್ ಹತ್ತಿರ ಇದ್ದಾಗ ಗುಳ್ಳೆ ಎರಡು ಗೀಟು ಪಕ್ಕದಲ್ಲಿತ್ತು. ಲೆವೆಲ್ ಅಲುಗಿಸದೆ ಕ್ಯಾರೇಜನ್ನು ಆ ತುದಿಗೆ ಒಯ್ದೆ. ಗುಳ್ಳೆ ಓಡಿ ಹೋಗಿ ಮೂಲೆಗೆ ಅಂಟಿಕೊಂಡಿತು. ಮೇಷ್ಟ್ರ ಕೈಗೆ ಸ್ಪ್ಯಾನರ್ ಕೊಟ್ಟು, ಟೇಲ್‌ಸ್ಟಾಕ್ ಕಡೆಯ ಮುಂದಿನ ನಟ್ ಸಡಿಲ ಮಾಡಿ ಅಂದೆ. ಗುಳ್ಳೆ ನಡುವಿನ ಕಡೆಗೆ ಬರತೊಡಗಿತು. ಆ ಕಾಲಿನ ಕೆಳಗೆ 0.25 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸಲೀಸಾಗಿ ನುಗ್ಗಿತು. ಮೇಷ್ಟ್ರು ಮಾತಾಡಲಿಲ್ಲ, ನೆಲಕ್ಕೆ ಕೂತು ಬಗ್ಗಿ ಎರಡು ಸಲ ತಾವೇ ಗೇಜ್ ತೂರಿಸಿ ನೋಡಿದರು.

ಮಾಡಬೇಕಾದದ್ದು ಇಷ್ಟೇ, ಆದರೆ ಅವಸರ ಬೇಡ. ನಟ್ ಬಿಗಿಯುವ ಮೊದಲು ನಾಲ್ಕು ಕಾಲೂ ಭಾರ ಹೊರಬೇಕು. ಕಾಲು ಎತ್ತಲು ಲೆವೆಲಿಂಗ್ ಬೋಲ್ಟ್ ಇದ್ದರೆ ಅದು, ಇಲ್ಲದಿದ್ದರೆ ಶಿಮ್, ಅಂದರೆ ಕಾಲಿನ ಕೆಳಗೆ ತೂರಿಸುವ ತೆಳು ತಗಡು. ಎರಡೂ ತುದಿಯಲ್ಲಿ ಗುಳ್ಳೆ ಒಂದೇ ಜಾಗದಲ್ಲಿ ನಿಲ್ಲಬೇಕು. ನಡುವೆಯೇ ನಿಲ್ಲಬೇಕು ಅಂತಿಲ್ಲ, ಒಂದೇ ಜಾಗದಲ್ಲಿ ನಿಂತರೆ ಸಾಕು. ಹತ್ತು ಸಲ ಹೇಳಿದರೂ ಜನ ಮರೆಯುವುದು ಇದನ್ನೇ. ಆಮೇಲೆ ನಟ್‌ಗಳನ್ನು ಸ್ವಲ್ಪ ಸ್ವಲ್ಪವೇ, ಗುಳ್ಳೆ ನೋಡುತ್ತಾ ಬಿಗಿ ಮಾಡಿ. ಗುಳ್ಳೆ ಸರಿದರೆ ಆ ಕಾಲಿನ ಕೆಳಗೆ ಇನ್ನೂ ಸಂದು ಇದೆ ಅಂತ ಅರ್ಥ. ನಿಂತು ಸರಿ ಮಾಡಿ.

ಕೊನೆ ತೀರ್ಪು ಲೆವೆಲ್‌ನದ್ದಲ್ಲ, ಜಾಬ್‌ನದ್ದು. 40 ಮಿ.ಮೀ.ಗಿಂತ ದಪ್ಪದ ರಾಡ್ ತಗೊಳ್ಳಿ. ಚಕ್‌ನಿಂದ 200 ಮಿ.ಮೀ. ಹೊರಗೆ ಬಿಡಿ. ಟೇಲ್‌ಸ್ಟಾಕ್ ಆಸರೆ ಕೊಡಬೇಡಿ. ನಡುವೆ ಸ್ವಲ್ಪ ತೆಗೆದು ಎರಡು ತುದಿಯಲ್ಲಿ ಒಂದೊಂದು ಪಟ್ಟಿ ಉಳಿಸಿ. ಹರಿತವಾದ ಟೂಲ್‌ನಲ್ಲಿ, ಕ್ರಾಸ್ ಸ್ಲೈಡಿನ ಡಯಲ್ ಮುಟ್ಟದೆ, ಎರಡೂ ಪಟ್ಟಿಗೆ ಒಂದೇ ಸಣ್ಣ ಕಟ್ ಹಾಕಿ ಅಳೆಯಿರಿ. ಹೊರಗಿನ ಪಟ್ಟಿ ದಪ್ಪ ಬಂದರೆ ಟೇಲ್‌ಸ್ಟಾಕ್ ಕಡೆಯ ಮುಂದಿನ ಕಾಲನ್ನು, ಅಂದರೆ ನೀವು ನಿಲ್ಲುವ ಕಡೆಯದನ್ನು, ಒಂದಿಷ್ಟು ಎತ್ತಿ. ಸಣ್ಣ ಬಂದರೆ ಇಳಿಸಿ. ತೆಳು ರಾಡ್ ಹಾಕಿದರೆ ರಾಡೇ ಬಗ್ಗಿ ಹೊರತುದಿ ದಪ್ಪ ಬರುತ್ತದೆ, ಅದನ್ನು ನೋಡಿ ಬೆಡ್ ತಿದ್ದಬೇಡಿ.

ಟೇಪರ್ ಕಂಡ ಕೂಡಲೇ ಟೇಲ್‌ಸ್ಟಾಕ್ ಸರಿಸುವವರೂ ಇದ್ದಾರೆ. ಚಕ್‌ನಲ್ಲಿ ಮಾತ್ರ ಹಿಡಿದ ಜಾಬ್‌ಗೂ ಟೇಲ್‌ಸ್ಟಾಕ್‌ಗೂ ಸಂಬಂಧವೇ ಇಲ್ಲ. ಸೆಂಟರ್‌ಗಳ ನಡುವೆ, ಅಂದರೆ ಎರಡೂ ತುದಿಗೆ ಮೊನೆ ಆಸರೆ ಕೊಟ್ಟು ಹಿಡಿದ ಜಾಬ್‌ಗೆ ಆ ಉಪಾಯ ಆ ಒಂದು ಉದ್ದಕ್ಕೆ ಸರಿ ಕಾಣಿಸುತ್ತದೆ, ಉದ್ದ ಬದಲಾದರೆ ಮತ್ತೆ ಶುರು. ಬೆಡ್ ಸರಿ ಮಾಡಿ, ಟೇಲ್‌ಸ್ಟಾಕ್ ಆಮೇಲೆ. ಹೆಡ್‌ಸ್ಟಾಕ್ ಬೋಲ್ಟ್ ಮಾತ್ರ ನೀವಾಗಿ ಮುಟ್ಟಬೇಡಿ. ಬೆಡ್‌ನಲ್ಲಿ ತಿರುಚು ಇಲ್ಲ ಅಂತ ಖಾತ್ರಿ ಆದ ಮೇಲೂ ಟೇಪರ್ ಉಳಿದರೆ ಆಗ ಮಷೀನ್‌ನಲ್ಲೇ ದೋಷ ಇರಬಹುದು, ಕಂಪನಿಯವರನ್ನು ಕರೆಸಿ. ಹೊಸ ಮಷೀನ್‌ನಲ್ಲಿ ದೋಷವೇ ಇರುವುದಿಲ್ಲ ಅಂತ ನಾನು ಹೇಳುತ್ತಿಲ್ಲ.

ಟೈಲ್ಸ್ ಮೇಲೆ ಇಡುವವರಿಗೆ ಒಂದು ಮಾತು. ಬೆರಳಿನಿಂದ ಬಡಿದಾಗ ಟೊಳ್ಳು ಸದ್ದು ಬಂದರೆ ಅಲ್ಲಿ ಕಾಲು ಇಡಬೇಡಿ. ಟೈಲ್ಸ್ ತೆಗೆಸಿ ಕಾಂಕ್ರೀಟ್ ಹಾಕಿಸಿ, 28 ದಿನ ಕ್ಯೂರಿಂಗ್ ಆಗಲಿ. ಮಹಡಿ ಮೇಲೆ ಇಡಬೇಕು ಅನ್ನುವವರು ನನ್ನನ್ನಲ್ಲ, ಮನೆಯ ಪ್ಲಾನ್ ನೋಡಬಲ್ಲ ಎಂಜಿನಿಯರ್‌ನ ಕೇಳಬೇಕು.

ಒಮ್ಮೆ ಕೂರಿಸಿದರೆ ಮುಗಿಯಲಿಲ್ಲ. ಮಾರನೆ ದಿನ, ಒಂದು ವಾರಕ್ಕೆ, ಒಂದು ತಿಂಗಳಿಗೆ ಮತ್ತೆ ನೋಡಬೇಕು. ಭಾರಕ್ಕೆ ನೆಲ ಕೂರುತ್ತದೆ, ಮಳೆಗಾಲದಲ್ಲಿ ಮಣ್ಣು ಉಬ್ಬುತ್ತದೆ. ಮೇಷ್ಟ್ರಿಗೆ ಇದನ್ನು ಗೋಡೆಯ ಮೇಲೆ ಬರೆದಿಡಿ ಅಂದಿದ್ದೆ. ಅವರು ತಾರೀಖು, ಎರಡೂ ಪಟ್ಟಿಯ ಅಳತೆ, ಯಾವ ಕಾಲಿಗೆ ಎಷ್ಟು ಶಿಮ್ ಅಂತ ಪೆನ್ಸಿಲ್‌ನಲ್ಲಿ ಸಾಲು ಸಾಲಾಗಿ ಬರೆದಿದ್ದಾರೆ. ಮೊದಲು ಕಡೆದದ್ದು ಮನೆಯ ಶಾವಿಗೆ ಒರಳಿಗೆ ಹೊಸ ಹಿತ್ತಾಳೆ ಬಿಲ್ಲೆ. ಮನೆಯವರು ಎಷ್ಟೋ ದಿನದಿಂದ ಕೇಳುತ್ತಿದ್ದರಂತೆ. ಆಷಾಢದ ಮಳೆಯಲ್ಲಿ ಗುಳ್ಳೆ ಒಂದೂವರೆ ಗೀಟು ಸರಿದಿತ್ತು, ಸರಿ ಮಾಡಿಕೊಂಡೆ ಅಂತ ಫೋನ್‌ನಲ್ಲಿ ಹೇಳಿದರು. ಅದಕ್ಕಾಗಿ ಮಾಡಿದ ಫೋನ್ ಅಲ್ಲ ಅದು. ಬೆಡ್‌ಗೆ ಯಾವ ಎಣ್ಣೆ ಒಳ್ಳೆಯದು ಅಂತ ಕೇಳಬೇಕಿತ್ತು. ಸ್ಲೈಡ್‌ವೇ ಎಣ್ಣೆ, 68 ಗ್ರೇಡಿನದು ಕೇಳಿ ಅಂದೆ.